ಖಚಿತ ಬಾತ್ಮಿ ಬಂದ ಮೇರೆಗೆ

ಪೊಲೀಸ್ ಠಾಣೆಗೆ ಹೊಸದಾಗಿ ಬಂದವರು ಮೊದಲು ಕಲಿಯುವುದು ಲಾಠಿ ಹಿಡಿಯುವುದನ್ನಲ್ಲ, ಒಂದು ವಾಕ್ಯವನ್ನು. ‘ಖಚಿತ ಬಾತ್ಮಿ ಬಂದ ಮೇರೆಗೆ’. ಇಸ್ಪೀಟು ಆಡುವವರನ್ನು ಹಿಡಿದರೂ ಅದೇ, ಕಳ್ಳಭಟ್ಟಿ ಹಿಡಿದರೂ ಅದೇ. ಬಾತ್ಮಿ ಕೊಟ್ಟವರು ಯಾರೆಂದು ಬರೆಯುವುದಿಲ್ಲ, ಬರೆಯಲೂ ಬಾರದು. ನಾನು ಈ ವಾಕ್ಯವನ್ನು ಎಷ್ಟು ಬರೆದಿದ್ದೇನೆಂದರೆ, ಈಗಲೂ ಕಿರಾಣಿ ಚೀಟಿ ಬರೆಯಲು ಕೂತಾಗ ಕೈ ತಾನಾಗಿಯೇ ‘ಖಚಿ’ ಎಂದು ಶುರು ಮಾಡಿಬಿಡುತ್ತದೆ.

ಹುಮನಾಬಾದಿನ ನಮ್ಮ ಓಣಿಯಿಂದ ಈ ಸಲ ಇಬ್ಬರು ಪೊಲೀಸ್ ತರಬೇತಿಗೆ ಹೋದರು, ಒಬ್ಬ ಹುಡುಗಿ, ಒಬ್ಬ ಹುಡುಗ. ಹೋಗುವ ಮುಂಚೆ ನಮಸ್ಕಾರ ಮಾಡಲು ಬಂದು, “ಕಾಕಾ, ನೌಕರಿ ಹ್ಯಾಂಗಿರ್ತದ್ರಿ?” ಎಂದು ಕೇಳಿದರು. “ಛಲೋ ಇರ್ತದ” ಎಂದು ಹೇಳಿ ಬೆನ್ನು ತಟ್ಟಿ ಕಳಿಸಿದೆ. ಅದು ಪೂರ್ತಿ ನಿಜವಲ್ಲ. ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಒಂದೇ ಸಾಲಿನದು: ಕಾನ್‌ಸ್ಟೆಬಲ್ ಆಗಿ ಸೇರಿ, ಹೆಡ್ ಕಾನ್‌ಸ್ಟೆಬಲ್ ಆಗಿ ಮನೆಗೆ ಬಂದೆ. ಜನರ ಬಾಯಲ್ಲಿ ಕೊನೆಯವರೆಗೂ ಹವಾಲ್ದಾರ.

ನನ್ನ ಅಕ್ಷರ ದುಂಡಗಿತ್ತು. ಅದೊಂದೇ ಕಾರಣಕ್ಕೆ ಶಾಂತಿ ಸಭೆಯ ನಡಾವಳಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಹಬ್ಬ ಬಂತೆಂದರೆ ಠಾಣೆಯ ಅಂಗಳದಲ್ಲಿ ಪೆಂಡಾಲ್ ಹಾಕಿ, ಎಲ್ಲ ಜಾತಿ ಧರ್ಮದ ಹಿರಿಯರನ್ನು ಕರೆದು, ಚಹಾ ಬಿಸ್ಕತ್ತು ಕೊಟ್ಟು ‘ಶಾಂತಿಯಿಂದಿರಿ’ ಎಂದು ಹೇಳುವುದು. ಪ್ರತಿ ಸಲವೂ ಬರುವವರು ಅದೇ ಹತ್ತು ಮಂದಿ. ಅವರು ಜಗಳ ಮಾಡುವವರಲ್ಲ. ಮಾಡುವವರು ಎಂದೂ ಬರಲಿಲ್ಲ, ಅವರಿಗೆ ಕರೆಯೂ ಹೋಗುತ್ತಿರಲಿಲ್ಲ. ಹೇಗಿದ್ದರೂ ಬರೆಯುವುದು ಒಂದೇ ಎಂದುಕೊಂಡು ನಾನು ನಡಾವಳಿಯನ್ನು ಹಿಂದಿನ ದಿನವೇ ಬರೆದಿಟ್ಟುಬಿಡುತ್ತಿದ್ದೆ. ಒಂದು ಸಲ ಮೇಲಧಿಕಾರಿಯ ಜೀಪು ದಾರಿಯಲ್ಲಿ ಕೆಟ್ಟು ಸಭೆಯೇ ರದ್ದಾಯಿತು. ‘ಸಭೆಯು ಸೌಹಾರ್ದಯುತವಾಗಿ ಮುಕ್ತಾಯವಾಯಿತು, ಸಾಹೇಬರು ವಂದನೆ ಸ್ವೀಕರಿಸಿದರು’ ಎಂಬ ನನ್ನ ಕಾಗದ ಮಾತ್ರ ಬೀದರಿಗೆ ತಲುಪಿತ್ತು. ಸಾಹೇಬರು ನನ್ನನ್ನು ಕರೆಸಿ, “ವಂದನೆ ನಾ ಎಲ್ಲಿ ಸ್ವೀಕಾರ ಮಾಡ್ದೆಪಾ, ಗ್ಯಾರೇಜಿನ್ಯಾಗ?” ಎಂದು ಕೇಳಿದರು. ಅವರು ನಕ್ಕರು, ನಾನೂ ನಕ್ಕೆ. ನಗಬಾರದಿತ್ತು ಎಂದು ಆಮೇಲೆ ತಿಳಿಯಿತು. ನೋಡದೆಯೇ ಶಾಂತಿ ಇದೆ ಎಂದು ಬರೆಯುವ ಚಟ ನನಗೆ ಹತ್ತಿದ್ದು ಅಲ್ಲಿಂದಲೇ.

ಈಗ ಅಕ್ಕನ ವಿಷಯ. ಹೆಸರು ಹೇಳುವುದಿಲ್ಲ. ಬಸವಕಲ್ಯಾಣದವಳು, ಬಳೆ ಮಾರುವವಳು. ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮಂಠಾಳದ ಆ ಕಡೆ ಈ ಕಡೆಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದಳು. ಹೆಂಗಸರೆಲ್ಲ ಬಳೆಗಾರ ಅಕ್ಕ ಎನ್ನುತ್ತಿದ್ದರು, ನಾನೂ ಅಕ್ಕ ಎನ್ನುತ್ತಿದ್ದೆ. ಠಾಣೆಯ ಹಿಂದಿನ ಕ್ವಾರ್ಟರ್ಸಿಗೆ ಬಂದು ನನ್ನ ಹೆಂಡತಿ ಕಲಾವತಿಗೆ ಬಳೆ ಇಡುವಳು, ಕಲಾವತಿ ಚಹಾ ಮಾಡುವಳು, ಇಬ್ಬರೂ ಜಗಲಿಯ ಮೇಲೆ ತಾಸುಗಟ್ಟಲೆ ಮಾತಾಡುವರು.

ನಾನಿದ್ದ ಠಾಣೆಯ ಸರಹದ್ದಿನಲ್ಲಿ ಒಂದು ಹಳ್ಳಿ. ಅದರ ಹೆಸರೂ ಬೇಡ. ಅಲ್ಲಿ ದಾಯಾದಿಗಳ ಎರಡು ಮನೆಗಳು, ಮೇಲಿನ ಮನೆ, ಕೆಳಗಿನ ಮನೆ ಎಂದಿಟ್ಟುಕೊಳ್ಳಿ. ಹೊಲಕ್ಕೆ ಹೋಗುವ ದಾರಿಯ ಸಲುವಾಗಿ ಹೊಡೆದಾಟವಾಗಿ, ಕೆಳಗಿನ ಮನೆಯ ಯಜಮಾನನ ಕಾಲು ಮುರಿಯಿತು. ನಮ್ಮ ಇನ್ಸ್‌ಪೆಕ್ಟರು ಎರಡೂ ಕಡೆಯವರನ್ನು ಠಾಣೆಗೆ ಕರೆಸಿ ರಾಜಿ ಪತ್ರ ಬರೆಸಿದರು. ಬರೆದವನು ನಾನೇ. ಸಹಿ ಹಾಕಿದರು, ಕೈ ಕುಲುಕಿದರು. ‘ಸದರಿ ಗ್ರಾಮದಲ್ಲಿ ಶಾಂತತೆ ನೆಲೆಸಿದೆ’ ಎಂದು ಷರಾ ಬರೆದು ಫೈಲು ಕಟ್ಟಿದೆ.

ಪಂಚಮಿ ಹಬ್ಬಕ್ಕೆ ಮುಂಚೆ ಅಕ್ಕ ನಮ್ಮ ಜಗಲಿಗೆ ಬಂದಳು. ನಾನು ಊಟಕ್ಕೆ ಕೂತಿದ್ದೆ. ಕಲಾವತಿ ಒಳಗೆ ಬಂದು, “ಜರಾ ಅಕ್ಕನ ಮಾತ ಕೇಳ್ರಿ” ಎಂದಳು.

“ಸಾಹೇಬ್ರ, ನಿಮ್ಮ ರಾಜಿ ಆಗಿಲ್ರಿ” ಎಂದಳು ಅಕ್ಕ. “ಪಂಚಮಿಗೆ ಬಳಿ ಇಡಾಕ ಹೋಗಿದ್ನಿ. ಕೆಳಗಿನ ಮನ್ಯಾಗ ಒಬ್ಬಾಕಿನೂ ಕೈ ಚಾಚಲಿಲ್ಲ. ಅತ್ತಿ ಇಲ್ಲ, ಸೊಸ್ತೇರಿಲ್ಲ. ಮುಂದಿನ ಹಬ್ಬಕ್ಕ ಬಾ ಅಂದ್ರು.”

ಆ ಕಡೆಯ ಕೆಲವು ಮನೆತನಗಳಲ್ಲಿ ಒಂದು ಪದ್ಧತಿಯಿದೆ. ಸೇಡು ತೀರುವ ತನಕ ಮನೆಯ ಹೆಂಗಸರು ಹೊಸ ಬಳೆ ಇಡಿಸಿಕೊಳ್ಳುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗಂಡಸರ ಮುಖದ ಮೇಲೆ ಕಾಣುವುದೂ ಇಲ್ಲ. ಅದು ಗೊತ್ತಾಗುವುದು ಬಳೆ ಇಡುವವರಿಗೆ ಮಾತ್ರ. ನನಗೆ ಆ ಪದ್ಧತಿ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಫೈಲು ಕಟ್ಟಿಯಾಗಿತ್ತು, ಷರಾ ನನ್ನದೇ ಕೈಬರಹದ್ದು. ಇನ್ಸ್‌ಪೆಕ್ಟರ ಮುಂದೆ ಹೋಗಿ ‘ಬಳೆಗಾರ್ತಿ ಹೇಳಿದಳು’ ಎಂದರೆ ಇಡೀ ಠಾಣೆ ನಗುತ್ತದೆ ಎಂಬ ಅಂಜಿಕೆ. ನಾನು ರೇಗಿ ಇಬ್ಬರು ಹೆಂಗಸರಿಗೂ ಏನೋ ಒಂದು ಮಾತು ಅಂದೆ, ಕೈ ತೊಳೆದು ಟೋಪಿ ಇಟ್ಟುಕೊಂಡು ಹೊರಟೆ. ಅಂದದ್ದೇನು ಎಂಬುದು ಸಂಜೆಯೊಳಗೆ ನನಗೆ ಮರೆತುಹೋಗಿತ್ತು.

ಪಂಚಮಿ ಮುಗಿದ ನಾಲ್ಕನೆಯ ದಿನ ಮೇಲಿನ ಮನೆಯ ಕಿರಿಯ ಮಗನನ್ನು ತೊಗರಿ ಹೊಲದಲ್ಲಿ ಕೊಡಲಿಯಿಂದ ಕಡಿದರು. ಇಪ್ಪತ್ತೆರಡು ವರ್ಷದವನು. ಪಂಚನಾಮೆ ಬರೆಯಲು ನನ್ನನ್ನೇ ಕರೆದರು, ಅಕ್ಷರ ದುಂಡಗಿದೆಯಲ್ಲ. ಆ ದಿನ ಅಕ್ಷರ ದುಂಡಗೆ ಬರಲಿಲ್ಲ. ಅವನ ತಾಯಿ ಗುರುಬಾಯಿ ಹೆಣದ ಪಕ್ಕದಲ್ಲಿ ಕೂತು ಅಳಲಿಲ್ಲ, ತನ್ನ ಎರಡೂ ಕೈಯ ಬಳೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟಳು. ಗಂಡ ಪಕ್ಕದಲ್ಲೇ ನಿಂತಿದ್ದ, ತಡೆಯಲಿಲ್ಲ. ಅಲ್ಲಿದ್ದ ಪೊಲೀಸರಲ್ಲಿ ಅದರ ಅರ್ಥ ಗೊತ್ತಿದ್ದವನು ನಾನೊಬ್ಬನೇ.

ಕೆಳಗಿನ ಮನೆಯ ಮಗ ಜೈಲಿಗೆ ಹೋದ. ರಾಜಿಯ ಫೈಲು ಏನಾಯಿತೆಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅಕ್ಕ ಹೇಳಿದ್ದನ್ನು ನಾನು ಎರಡು ಸಲ ಕೇಳುತ್ತಿದ್ದೆ. ಹುಡಗಿ ಗ್ರಾಮದಿಂದ ಘಾಟಬೋರಾಳದವರೆಗೆ ಬಂದೋಬಸ್ತಿಗೆ ಹೋದಲ್ಲೆಲ್ಲ ನನ್ನ ಕಣ್ಣು ಹೆಂಗಸರ ಮುಂಗೈ ಮೇಲೆಯೇ. ಒಂದಿಬ್ಬರು ತಪ್ಪು ತಿಳಿದು ಬೈದದ್ದೂ ಉಂಟು.

ವರ್ಷಗಳು ಕಳೆದವು. ಜೈಲಿಗೆ ಹೋದವನು ಬಿಡುಗಡೆಯಾಗಿ ಊರಿಗೆ ಬರುವ ಸುದ್ದಿ ಬಂತು. ಆ ಹೊತ್ತಿಗೆ ಠಾಣೆಗೆ ಹೊಸ ಇನ್ಸ್‌ಪೆಕ್ಟರು ಬಂದಿದ್ದರು, ಮಾತು ಕಡಿಮೆ, ಕೇಳುವುದು ಹೆಚ್ಚು. ಅಂಥ ಅಧಿಕಾರಿ ನನ್ನ ನೌಕರಿಯಲ್ಲಿ ಸಿಕ್ಕವರು ಅವರೊಬ್ಬರೇ. ನಾನು ಧೈರ್ಯ ಮಾಡಿ ಬಳೆಯ ವಿಷಯ ಹೇಳಿದೆ. ಅವರು ನಗಲಿಲ್ಲ. “ಬಂದೋಬಸ್ತ್ ನಾಲ್ಕು ದಿನ ಹಾಕಬಹುದು. ಐದನೇ ದಿನ ಏನು ಮಾಡೋಣ?” ಎಂದರು. ಆ ಪ್ರಶ್ನೆಯನ್ನು ನಾನು ಅಕ್ಕನ ಮುಂದಿಟ್ಟೆ.

ಉತ್ತರ ಅಕ್ಕನ ಹತ್ತಿರ ಇತ್ತು. ಮೇಲಿನ ಮನೆಯ ಹಿರಿಯ ಮಗ ತಮ್ಮನ ಸೇಡಿಗೆ ಕಾಯುತ್ತಿದ್ದ. ಅವನ ಹೆಂಡತಿಗೆ ಏಳು ತಿಂಗಳು. ಸೀಮಂತದ ಕುಬಸ ಮಾಡಿ ಬಸುರಿಗೆ ಹಸಿರು ಬಳೆ ಇಡಬೇಕು, ಆದರೆ ಮನೆಯಲ್ಲಿ ಆಣೆ. ಅತ್ತೆ ಕೈ ಚಾಚದೆ ಸೊಸೆ ಚಾಚುವಂತಿಲ್ಲ. ಅಕ್ಕ ಮಲಾರ ಹೊತ್ತು ಹೋಗಿ ಆ ಮನೆಯ ಪಡಸಾಲೆಯಲ್ಲಿ ಕೂತಳು. ಗುರುಬಾಯಿ ಹೋಗು ಎಂದಳು, ಬೈದಳು, ನೀರು ಕೂಡ ಕೊಡಲಿಲ್ಲ. ಸಂಜೆ ಬಸ್ಸಿಗೆ ಕಲ್ಯಾಣಕ್ಕೆ ಹೋಗಿ ಮರುದಿನ ಬೆಳಿಗ್ಗೆ ಮತ್ತೆ ಬಂದು ಕೂತಳು. ಮೂರನೆಯ ದಿನ ನಾನು ಅದೇ ಊರಿನ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಮಫ್ತಿಯಲ್ಲಿ ಕೂತಿದ್ದೆ. ಒಳಗೆ ನಡೆದದ್ದನ್ನು ಅಕ್ಕನೇ ಆಮೇಲೆ ಹೇಳಿದಳು.

“ಗುರುಬಾಯಿ, ಖಾಲಿ ಕೈಲೆ ಸೊಸಿ ಹಡದ್ರ ಆ ಕೂಸಿಗಿ ಏನ ಹೇಳ್ತಿ? ನಿಮ್ಮಪ್ಪ ಜೈಲಿನ್ಯಾಗ ಅದಾನ ಅಂತ ಹೇಳ್ತಿಯೇನು? ನೀ ಒಬ್ಬ ಮಗನ್ನ ಮಣ್ಣಿಗಿ ಕೊಟ್ಟಿ. ಇನ್ನೊಬ್ಬನ್ನ ಸರ್ಕಾರಕ್ಕ ಕೊಡತಿ. ಆಮ್ಯಾಲ ನಾ ಯಾರಿಗಿ ಬಳಿ ಇಡ್ಲಿ?”

ಮಧ್ಯಾಹ್ನದ ಹೊತ್ತಿಗೆ ಗುರುಬಾಯಿ ಅಳುವುದಕ್ಕೆ ಶುರು ಮಾಡಿದಳಂತೆ, ಅಂದು ಹೊಲದಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ. ಅಳುತ್ತಲೇ ಕೈ ಮುಂದೆ ಮಾಡಿದಳಂತೆ. ಅವಳಿಗೆ ಇಟ್ಟು, ಸೊಸೆಗೆ ಇಟ್ಟು, ಅಕ್ಕ ಎದ್ದಳು. ಗುರುಬಾಯಿ ಹಿರಿಯ ಮಗನನ್ನು ಕರೆದು ಮುಂಗೈ ತೋರಿಸಿ, “ಬಳಿ ಇಟ್ಕೊಂಡೇನಿ. ಮುಗೀತು” ಎಂದಳಂತೆ.

ಅಕ್ಕ ಹೋಗಿ ಕೂತ ಐದನೆಯ ದಿನ ಜೈಲಿನಿಂದ ಬಂದವನು ಬಸ್ಸಿನಿಂದ ಇಳಿದಾಗ ಮೇಲಿನ ಮನೆಯ ಹಿರಿಯ ಮಗ ಚಹಾ ಅಂಗಡಿಯಲ್ಲಿ ನನ್ನ ಎದುರಿನ ಬೆಂಚಿನ ಮೇಲೆಯೇ ಇದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಿರಿಯ ಮಗ ಚಹಾದ ಲೋಟ ಕೆಳಗಿಟ್ಟ, ಎದ್ದ, ತನ್ನ ಹೊಲದ ದಾರಿ ಹಿಡಿದು ಹೋದ. ಅಷ್ಟೇ.

ನಾನು ಠಾಣೆಗೆ ಬಂದು ಬರೆದೆ: ‘ಖಚಿತ ಬಾತ್ಮಿ ಬಂದ ಮೇರೆಗೆ ಸದರಿ ಗ್ರಾಮಕ್ಕೆ ಭೇಟಿ ನೀಡಿ, ಉಭಯ ಪಕ್ಷದವರಿಗೆ ತಿಳಿವಳಿಕೆ ಹೇಳಿ, ಶಾಂತತೆ ಕಾಪಾಡಲಾಗಿದೆ.’ ಯಾರು ಹೇಳಿದರು, ಯಾರು ಕಾಪಾಡಿದರು ಎಂಬುದು ಆ ವಾಕ್ಯದಲ್ಲಿ ಇಲ್ಲ. ಕೆಳಗೆ ಸಹಿ ಇರುವುದು ನನ್ನದು. ಅದಕ್ಕೆ ಪ್ರಶಂಸಾ ಪತ್ರ ಬಂತು, ನನ್ನ ಹೆಸರಿಗೆ.

ಈಗ ಕೆಲಸದ ರೀತಿ ಬದಲಾಗಿದೆ. ಕೂಡುರಸ್ತೆಗಳಲ್ಲಿ ಕ್ಯಾಮೆರಾ, ಬೀಟಿಗೆ ವಾಟ್ಸಾಪ್ ಗುಂಪು, ಶಾಂತಿ ಸಭೆಯ ಫೋಟೋ ಸಭೆ ಮುಗಿಯುವ ಮುಂಚೆಯೇ ಮೇಲಕ್ಕೆ ಹೋಗುತ್ತದೆ. ಇದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ನನ್ನಂಥವರು ಹಿಂದಿನ ದಿನ ನಡಾವಳಿ ಬರೆಯುವುದಾದರೂ ನಿಂತಿದೆ. ಆದರೆ ಕ್ಯಾಮೆರಾ ಜಗಲಿಯವರೆಗೆ ಮಾತ್ರ ನೋಡುತ್ತದೆ.

ನಿವೃತ್ತನಾಗಿ ಹುಮನಾಬಾದಿಗೆ ಬಂದೆ. ಒಬ್ಬಳೇ ಮಗಳು, ಸೋಲಾಪುರಕ್ಕೆ ಕೊಟ್ಟಿದ್ದೇವೆ. ಎರಡು ವರ್ಷದ ಹಿಂದೆ ಕಲಾವತಿ ತೀರಿಕೊಂಡಳು. ಹೊಸಬರು ಒಂದು ಮಾತು ತಿಳಿದಿರಲಿ: ನಲವತ್ತು ವರ್ಷ ನಿಮಗೆ ನಮಸ್ಕಾರ ಮಾಡುವವರಲ್ಲಿ ಅರ್ಧ ಜನ ಟೋಪಿಗೆ ಮಾಡುತ್ತಿರುತ್ತಾರೆ, ಉಳಿದರ್ಧ ಅಂಜಿಕೆಗೆ. ಮನೆಗೆ ಕರೆದು ಊಟ ಹಾಕುವವರು ಯಾರೂ ಇರುವುದಿಲ್ಲ. ಚಹಾ ಅಂಗಡಿಯಲ್ಲಿ ನಾನು ಹೋಗಿ ಕೂತರೆ ಈಗಲೂ ಮಾತು ನಿಲ್ಲುತ್ತದೆ. ಸಂಜೆ ಬೀಗ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿ, ಕಲಬುರಗಿ ಬಸ್ಸು ಬೀದರ ಬಸ್ಸು ನೋಡಿ, ಬಂದು ಬೀಗ ತೆಗೆಯುತ್ತೇನೆ. ಒಂಟಿತನ ಎಂಬುದಕ್ಕೆ ಬೇರೆ ವಿವರಣೆ ನನಗೆ ಗೊತ್ತಿಲ್ಲ.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಒಬ್ಬ ಉಪನ್ಯಾಸಕಿ ಮನೆ ಹುಡುಕಿಕೊಂಡು ಬಂದಳು. ಹಳ್ಳಿಯ ವೈಷಮ್ಯಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳಂತೆ, ನನ್ನ ಪ್ರಶಂಸಾ ಪತ್ರ ಎಲ್ಲೋ ಅವಳ ಕಣ್ಣಿಗೆ ಬಿದ್ದಿತ್ತು. ಹೊರದೇಶದಲ್ಲಿ ಒಂದು ಶಾಂತಿ ಪ್ರಶಸ್ತಿಯಿದೆಯಂತೆ. ಜಗತ್ತಿನ ಯಾವ ಮೂಲೆಯಲ್ಲೇ ಇರಲಿ, ಕಲಹ ಹಿಂಸೆ ತಡೆಯಲು ಸದ್ದಿಲ್ಲದೆ ದುಡಿದವರನ್ನು ಹುಡುಕಿ ಕೊಡುತ್ತಾರಂತೆ.

“ಸರ್, ನಿಮ್ಮ ಹೆಸರ ಕಳಸೋಣ್ರಿ” ಎಂದಳು.

ಅರ್ಜಿಯನ್ನು ಅವಳೇ ಕನ್ನಡದಲ್ಲಿ ಓದಿ ಹೇಳಿದಳು. ‘ನೀವು ತಡೆದ ಹಿಂಸೆ ಯಾವುದು? ಅದಕ್ಕೆ ಪುರಾವೆ ಏನು?’ ನನಗೆ ನಗು ಬಂತು. ನಡೆದ ಖೂನಿಗೆ ಪಂಚನಾಮೆ ಇರುತ್ತದೆ, ಸಾಕ್ಷಿ ಇರುತ್ತಾರೆ, ಕೊಡಲಿ ಇರುತ್ತದೆ. ನಡೆಯದ ಖೂನಿಗೆ ಏನಿರುತ್ತದೆ? ಒಂದು ಖಾಲಿಯಾದ ಚಹಾದ ಲೋಟ. ಕೊನೆಯ ಕಲಮು ಇನ್ನೂ ಚೆನ್ನಾಗಿತ್ತು: ‘ನಿಮ್ಮಿಂದಾಗಿ ಎಷ್ಟು ಮನೆಗಳಲ್ಲಿ ಶಾಂತಿ ನೆಲೆಸಿತು?’

ಇದು ನನ್ನ ಕೆಲಸವಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಪ್ರಶಸ್ತಿಯ ಆಸೆ ಇರಲಿಲ್ಲವೆಂದಲ್ಲ, ಅದಕ್ಕಿಂತ ದೊಡ್ಡ ಆಸೆ ಬೇರೆಯಿತ್ತು. ಅವಳು ವಾರಕ್ಕೊಮ್ಮೆ ಬರುತ್ತಿದ್ದಳು. ನಾನು ಎರಡು ಕಪ್ಪು ತೊಳೆದಿಡುತ್ತಿದ್ದೆ. ಅರ್ಜಿ ಮುಗಿದರೆ ಅವಳು ಬರುವುದು ನಿಲ್ಲುತ್ತದೆಂದು ಒಂದು ವಾರದ ಕೆಲಸವನ್ನು ನಾಲ್ಕು ವಾರ ಎಳೆದೆ. ಕೊನೆಗೆ ಅವಳು ಹೆಸರಿನ ಕಲಮಿನ ಮುಂದೆ ಪೆನ್ನು ಹಿಡಿದು ಕೂತಾಗ, “ಒಬ್ಬರ ಇಜಾಜತ್ ಬೇಕವ್ವಾ, ಕೇಳಿ ಬರ್ತೀನಿ, ಎರಡು ದಿನ ತಡಿ” ಎಂದೆ.

ಬಸವಕಲ್ಯಾಣಕ್ಕೆ ಹೋದೆ. ಅಕ್ಕನಿಗೆ ಈಗ ಮೊಣಕಾಲು ನೋವು, ಹಳ್ಳಿ ತಿರುಗುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿಯೇ ಸಣ್ಣ ಅಂಗಡಿ. ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಬರ್ರಿ ಸಾಹೇಬ್ರ. ಭಾಳ ಇಳದೀರಿ.”

ಕೂತು ಎಲ್ಲ ಹೇಳಿದೆ. ಕಾಗದದ ಮೇಲೆ ಇರಬೇಕಾದದ್ದು ನಿನ್ನ ಹೆಸರು, ಕೊಡಲೇ ಎಂದು ಕೇಳಿದೆ. ಅಕ್ಕ ಗಾಬರಿಯಾದಳು.

“ಬ್ಯಾಡ್ರಿ, ಬ್ಯಾಡ. ನನ್ನ ಸೊಸಿ ಈಗ ಅವೇ ಊರು ತಿರಗಾಕತ್ತಾಳ. ಅತ್ತಿ ಪೊಲೀಸರಿಗಿ ಖಬರ ಕೊಡತಿದ್ಲು ಅಂತ ಗೊತ್ತಾದ್ರ ಆಕಿ ಮುಂದ ಯಾರು ಕೈ ಚಾಚ್ತಾರ? ನೀವೇ ತಗೋರಿ.”

ನಾಚಿಕೆಯಿಂದ ಹೇಳುತ್ತೇನೆ, ನನಗೆ ಒಳಗೊಳಗೆ ಸಮಾಧಾನವಾಯಿತು. ಕೇಳುವುದನ್ನು ಕೇಳಿದೆ, ಇನ್ನು ನನ್ನ ಹೆಸರು ಬರೆದರೆ ತಪ್ಪಿಲ್ಲ. ಚಹಾ ಕುಡಿದು ಏಳಲು ಹೊರಟೆ.

“ಮನಿ ಮನಿಯಾಗ ಶಾಂತಿ ಮಾಡಿದ್ದಕ್ಕ ಕೊಡ್ತಾರೇನ್ರಿ ಅದು?” ಎಂದು ಅಕ್ಕ ಕೇಳಿದಳು.

“ಹೌದು.”

“ಹಂಗಾದ್ರ ಒಂದು ಮಾತ ಹೇಳಿಬಿಡ್ತೀನಿ, ಮನಸಿಗಿ ಹಚ್ಕೋಬ್ಯಾಡ್ರಿ. ಕಲಾವತಿ ಇದ್ದಾಗ ಹೇಳಬ್ಯಾಡ ಅಂದಿದ್ಲು, ಹೇಳಿರಲಿಲ್ಲ. ಆ ಹುಡಗನ ಖೂನಿ ಆದಮ್ಯಾಲ ಆಕಿ ಒಂದ ಸಲನೂ ಕೈ ಚಾಚಲಿಲ್ರಿ. ನಾ ಬರತಿದ್ನಿ, ಚಾ ಕುಡೀತಿದ್ನಿ, ಮಾತಾಡ್ತಿದ್ನಿ. ಬಳಿ ಮಾತ್ರ ಬ್ಯಾಡ ಅಂತಿದ್ಲು.”

ಯಾಕೆ ಎಂದೆ.

“ಅವತ್ತ ಊಟಕ್ಕ ಕುಂತಾಗ ನೀವು ಅಂದ್ರಲ್ಲ, ‘ಬಳಿಗಾರ್ತಿ ಮಾತ ಕೇಳಿ ನೌಕರಿ ಮಾಡಾಕ ನಾ ಏನ ಕೈಗಿ ಬಳಿ ಇಟ್ಕೊಂಡೇನೇನು, ಬಳಿ ಇಟ್ಕೊಂಡೋರು ಬಾಯಿ ಮುಚ್ಕೊಂಡಿರ್ರಿ’ ಅಂತ. ಪಂಚಮಿ ಮುಗದು ನಾಲ್ಕ ದಿನಕ್ಕ ಹೆಣ ಬಿತ್ತು. ‘ಅವರಾಗೇ ಒಂದ ಮಾತ ತಪ್ಪಾಯ್ತು ಅನ್ಲಿ ಅಕ್ಕ, ಅವತ್ತೇ ಇಟ್ಕೋತೀನಿ’ ಅಂತಿದ್ಲು. ಹಬ್ಬಾ ಹಬ್ಬಾ ಬಂದು ಕೇಳ್ತಿದ್ನಿ, ಆ ಮಾತ ಅಂದಾರೇನು ಅಂತ. ಇಲ್ಲ ಅಂತಿದ್ಲು.”

“ನನಗ್ಯಾಕ ಹೇಳ್ಲಿಲ್ಲ ಅಕ್ಕ?” ಎಂದೆ.

“ನೀವು ಕೇಳ್ಲಿಲ್ರಿ. ಆ ಮನ್ಯಾಗ ಕೈ ಚಾಚಿದ್ರೇನು, ಈ ಮನ್ಯಾಗ ಚಾಚಿದ್ರೇನು ಅಂತ ಎಲ್ಲಾ ಕೇಳ್ತಿದ್ರಿ. ನಿಮ್ಮ ಮನಿದು ಕೇಳ್ಲಿಲ್ಲ.”

ಕಲಾವತಿಯ ಕೈಯಲ್ಲಿ ಹಳೆಯ ಬಂಗಾರದ ಪಾಟ್ಲಿ ಎರಡೇ ಇದ್ದವೆಂದು ಈಗ ನೆನಪಾಗುತ್ತದೆ. ಗಾಜಿನ ಬಳೆ ಕೆಲಸಕ್ಕೆ ಅಡ್ಡ ಬರುತ್ತವೆಂದು ಬಿಟ್ಟಿರಬೇಕೆಂದು ತಿಳಿದಿದ್ದೆನೋ, ಏನನ್ನೂ ತಿಳಿದಿರಲಿಲ್ಲವೋ. ಮನೆಯಲ್ಲಿ ಬಳೆಯ ಸದ್ದೇ ಇರಲಿಲ್ಲ. ಆ ಸದ್ದಿಲ್ಲದಿರುವುದನ್ನು ನಾನು ಶಾಂತಿ ಎಂದುಕೊಂಡಿದ್ದೆ. ಮಾತು ಕಡಿಮೆಯಾಗಿತ್ತು, ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು. ಸದರಿ ಮನೆಯಲ್ಲಿ ಶಾಂತತೆ ನೆಲೆಸಿದೆ.

“ಆಕಿ ಹೋದ ದಿನ ಮುತ್ತೈದಿ ಸಾವು ಅಂತ ಹಸರ ಬಳಿ ಇಡಾಕ ನನ್ನ ಕರಸಿದ್ರಿ” ಎಂದಳು ಅಕ್ಕ. “ಕೈ ಹಿಡದ್ನಿ. ಅವತ್ತ ಬ್ಯಾಡ ಅನ್ಲಿಲ್ಲ.”

ನಾನು ಒಂದು ಡಜನ್ ಹಸಿರು ಬಳೆ ಕೊಡು ಎಂದೆ. ಅಭ್ಯಾಸಬಲದಿಂದ ಅಕ್ಕ, “ಯಾವ ಅಳತಿರಿ?” ಎಂದು ಕೇಳಿಬಿಟ್ಟಳು. ಊರಿನ ಹೆಂಗಸರ ಮುಂಗೈ ನೋಡಿಕೊಂಡು ತಿರುಗಿದ ನನಗೆ ನನ್ನ ಹೆಂಡತಿಯ ಕೈಯಳತೆ ಗೊತ್ತಿರಲಿಲ್ಲ. ಅಕ್ಕ ಮತ್ತೆ ಕೇಳಲಿಲ್ಲ. ನೋಡದೆಯೇ ಒಂದು ಸಾಲಿನಿಂದ ಹನ್ನೆರಡು ಬಳೆ ಎಣಿಸಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಹಣ ತೆಗೆದುಕೊಳ್ಳಲಿಲ್ಲ.

ಮರುದಿನ ಉಪನ್ಯಾಸಕಿ ಬಂದಳು. ಅರ್ಜಿಯನ್ನು ಹಾಗೆಯೇ ವಾಪಸು ಕೊಟ್ಟೆ.

“ಯಾಕ್ರಿ ಸರ್?”

“ಇದು ಮಾಡಿದಾಕಿ ಬ್ಯಾರೆ ಅದಾಳವ್ವಾ. ಹೆಸರ ಹೇಳಬಾರದು. ನಾ ಬರದಾಂವ, ಮಾಡಿದಾಂವ ಅಲ್ಲ. ಮತ್ತ ನನ್ನ ಪೈಕಿ ಒಂದ ಮನಿ ರಾಜಿ ಆಗದಾನೇ ಉಳದದ.”

“ಯಾವ ಮನಿರಿ?” ಎಂದು ಪೆನ್ನು ತೆಗೆದಳು. ಪಾಪ, ಪ್ರಬಂಧಕ್ಕೆ ಬರುತ್ತದೆಂದು. ನಾನು ಇನ್ನೊಂದು ಕಪ್ಪು ಚಹಾ ಬಗ್ಗಿಸಿದೆ. ಕುಡಿದು ಹೋದಳು, ಆಮೇಲೆ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ.

ತರಬೇತಿಗೆ ಹೋದ ಮಕ್ಕಳೇ, ನೌಕರಿ ಹೇಗಿರುತ್ತದೆಂದು ಕೇಳಿದ್ದಿರಿ. ಊರಿನ ಬಾತ್ಮಿಯೆಲ್ಲ ನಿಮ್ಮ ಹತ್ತಿರ ಬರುತ್ತದೆ, ನಿಮ್ಮ ಮನೆಯದು ಬರುವುದಿಲ್ಲ. ಅದನ್ನು ನೀವೇ ಹೋಗಿ ಕೇಳಬೇಕು.

ಅಂದು ಉಪನ್ಯಾಸಕಿ ಹೋದ ಮೇಲೆ ಬಾಗಿಲು ಹಾಕಿಕೊಂಡು, ಬಳೆಗಳನ್ನು ಕಲಾವತಿಯ ಫೋಟೋದ ಮುಂದೆ ಇಟ್ಟೆ. ನಿಂತುಕೊಂಡೇ, “ತಪ್ಪಾಯ್ತು ಕಲಾವತಿ” ಎಂದೆ. ಇಷ್ಟೇ ಇಷ್ಟು ಮಾತು. ಹೇಳಲು ಒಂದು ಉಸಿರೂ ಪೂರ್ತಿ ಹಿಡಿಯಲಿಲ್ಲ.